ಮೊದಲ ಪುಟದ ಮಗು

ಎಷ್ಟು ತಳ್ಳಿದರೂ ಆ ಮಗು ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ.

ಕೊಂಡಿಯಣ್ಣ ಹುಡುಕುವ ಯಂತ್ರದಲ್ಲಿ ಮಗುವಿನ ಹೆಸರನ್ನು ಮತ್ತೆ ಟೈಪ್ ಮಾಡಿದ. ಮತ್ತೆ ಅದೇ ಪುಟ, ಅದೇ ಫೋಟೊ. ನಾಲ್ಕು ವರ್ಷದ ಹೆಣ್ಣುಮಗು ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು ನಗುತ್ತಿತ್ತು. ಮೇಲೆ ದಪ್ಪಕ್ಷರದಲ್ಲಿ 'ಕಾಣೆಯಾಗಿದ್ದಾಳೆ' ಎಂದಿತ್ತು, ಕೆಳಗೆ ಯಾವುದೋ ದೂರದೂರಿನ ವಿಳಾಸ. ಎರಡನೆಯ ಸ್ಥಾನದಲ್ಲಿ ಅದೇ ಹೆಸರಿನ ಮಕ್ಕಳ ಬಟ್ಟೆಯಂಗಡಿ. ಆ ಅಂಗಡಿಯನ್ನು ಮೇಲೇರಿಸುವುದೇ ಅವನಿಗೆ ವಹಿಸಿದ ಕೆಲಸ.

ಅವನ ಕಸುಬೇ ಅದು. ಸಣ್ಣಪುಟ್ಟ ಅಂಗಡಿಗಳ ಜಾಲತಾಣಗಳಿಗೆ ಬೇರೆ ತಾಣಗಳಿಂದ ಕೊಂಡಿ, ಅಂದರೆ ಲಿಂಕ್, ಹಾಕಿಸುವುದು. ಹತ್ತು ಜನ ಬೆರಳು ತೋರಿಸಿದವನೇ ದೊಡ್ಡವನೆಂದು ಹುಡುಕುವ ಯಂತ್ರ ನಂಬುತ್ತದೆ; ಮನುಷ್ಯರು ನಂಬುವುದೂ ಹಾಗೆಯೇ ಬಿಡಿ. ಗೆಳೆಯರು ಅವನಿಗೆ ಕೊಂಡಿಯಣ್ಣ ಎಂದೇ ಹೆಸರಿಟ್ಟಿದ್ದರು. ಚೇಳಿಗಿರುವುದೂ ಕೊಂಡಿಯೇ ಎಂದು ಹೆಂಡತಿ ಕಾಲೆಳೆಯುತ್ತಿದ್ದಳು.

ಅಂಗಡಿಯಾಕೆ ಮೊದಲ ದಿನವೇ ಅವನ ಲೆಕ್ಕಾಚಾರ ತಲೆಕೆಳಗು ಮಾಡಿದ್ದಳು. ಜನ ಹುಡುಕುವುದು 'ಮಕ್ಕಳ ಬಟ್ಟೆ' ಅಂತ, ಅಂಗಡಿಯ ಹೆಸರು ಯಾರಿಗೆ ಗೊತ್ತಿರುತ್ತದೆ ಎಂದು ಅವನು ತಿಳಿಹೇಳಿದ. ಆಕೆ ಒಪ್ಪಲಿಲ್ಲ. ವ್ಯಾಪಾರ ಆದರೆ ಆಯಿತು, ಹೋದರೆ ಹೋಯಿತು, ಆ ಹೆಸರು ಹುಡುಕಿದರೆ ತನ್ನ ಅಂಗಡಿಯೇ ಮೊದಲು ಬರಬೇಕು ಎಂದಳು.

"ಆ ಫೋಟೊ ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಎಷ್ಟು ವರ್ಷ ಅಂತ ಹುಡುಕ್ತಾ ಇರೋದು? ಸಾಕು."

ಕೊಂಡಿಯಣ್ಣ ಫೋಟೊ ನೋಡಿದ, ಆಕೆಯ ಮುಖ ನೋಡಿದ. ಹೆತ್ತವಳ ಸಂಕಟ ಎಂದುಕೊಂಡ. ಪುಟವನ್ನೇ ತೆಗೆಸಬಹುದಲ್ಲ ಎಂದು ಮೆಲ್ಲಗೆ ಕೇಳಿದ. ಅದು ತನ್ನ ಕೈಯಲ್ಲಿಲ್ಲ ಎಂದಳು. ಗಂಡ ಇನ್ನೂ ಆಸೆ ಬಿಟ್ಟಿಲ್ಲ, ಆ ದೂರದೂರಿನಲ್ಲೇ ಉಳಿದಿದ್ದಾನೆ, ಈಕೆ ಎದ್ದು ಬಂದಿದ್ದಾಳೆ ಎಂದು ಅವನೇ ಉಳಿದ ಕತೆ ಪೂರ್ತಿ ಮಾಡಿಕೊಂಡ.

ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಗುಂಡಿಗಳ ಡಬ್ಬಿ ಹಿಡಿದು ಬಂದು, "ಅಮ್ಮಾ" ಎಂದು ಆಕೆಯ ತೋಳಿಗೆ ಜೋತುಬಿದ್ದಳು. ಮೂಗು, ಹುಬ್ಬು ಎಲ್ಲ ಫೋಟೊದವಳ ಪಡಿಯಚ್ಚು, ವಯಸ್ಸು ಮಾತ್ರ ಹೆಚ್ಚು. ಪಾಪ, ಅಕ್ಕನಿರಬೇಕು ಎಂದುಕೊಂಡ. ಹುಡುಗಿ ಒಳಗೆ ಹೋಗುವವರೆಗೆ ಕಾದು ಆಕೆ ದನಿ ತಗ್ಗಿಸಿದಳು.

"ಶಾಲೇಲಿ ಕಂಪ್ಯೂಟರ್ ಕಲಿಸ್ತಿದಾರೆ. ಆ ಹೆಸರನ್ನ ಇವಳಿನ್ನೂ ಮರೆತಿಲ್ಲ. ಎಲ್ಲಿ ಹುಡುಕಿಬಿಡ್ತಾಳೋ ಅಂತ ನನಗೆ ಎದೆ ಹೊಡ್ಕೊಳ್ಳುತ್ತೆ. ಹುಡುಕಿದ್ರೆ ಅವಳಿಗೆ ಅಮ್ಮನ ಅಂಗಡಿ ಸಿಗ್ಲಿ, ಅಷ್ಟೇ."

ಅವನು ಮೈಮುರಿದು ದುಡಿದ. ನೂಲಿನ ಸಗಟು ವ್ಯಾಪಾರಿಯ ತಾಣದಲ್ಲಿ ಅಂಗಡಿಯ ಹೆಸರು ಸೇರಿಸಿದ. ಹೊಲಿಗೆ ಕಲಿಸುವವಳೊಬ್ಬಳ ಬ್ಲಾಗಿಗೆ ಕಾಜಾ ಹಾಕುವುದರ ಬಗ್ಗೆ ಲೇಖನ ಬರೆದುಕೊಟ್ಟು, ಕೊನೆಯಲ್ಲಿ ಒಂದು ಕೊಂಡಿ ಸಿಕ್ಕಿಸಿದ. ಅಂಗಡಿ ಎರಡನೆಯ ಸ್ಥಾನದಿಂದ ಅಲುಗಲಿಲ್ಲ. ಮಗುವಿನ ಪುಟಕ್ಕೆ ಯಾರ್‍ಯಾರು ಕೊಂಡಿ ಹಾಕಿದ್ದಾರೆಂದು ತೆಗೆದು ನೋಡಿದರೆ, ಆ ದೂರದೂರಿನ ಶಾಲೆ, ಗ್ರಂಥಾಲಯ, ಬಸ್ ಕಂಪನಿ, ಕೊನೆಗೆ ನಾಯಿ ಸಾಕುವವರ ಸಂಘ ಕೂಡ. ಊರಿಗೆ ಊರೇ ಆ ಮಗುವಿನತ್ತ ಬೆರಳು ತೋರಿಸಿ ನಿಂತಿತ್ತು.

ಕಸುಬಿನಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ: ಎದುರಾಳಿಗೆ ಕೊಂಡಿ ಹಾಕಿದವರನ್ನೇ ಕೇಳಿ ಅದನ್ನು ತನ್ನತ್ತ ತಿರುಗಿಸಿಕೊಳ್ಳುವುದು. ಅವನು ಎಲ್ಲರಿಗೂ ಒಂದೇ ಒಕ್ಕಣೆಯ ಮೇಲ್ ಬರೆದ. ಮಗುವಿನ ತಾಯಿಯ ಕೋರಿಕೆ, ಆ ನೋವಿನ ಪುಟ ಇನ್ನು ಸಾಕು, ಬದಲಿಗೆ ಮಗಳ ಹೆಸರಿನಲ್ಲಿ ತೆರೆದ ಈ ಅಂಗಡಿಯ ಕೊಂಡಿ ಹಾಕಿ ಎಂದು. ತಾಯಿ ಎಂದ ಮೇಲೆ ಯಾರು ಎದುರು ಮಾತಾಡುತ್ತಾರೆ? ಒಬ್ಬೊಬ್ಬರಾಗಿ ಬದಲಿಸಿದರು. ಓದಿ ಅತ್ತೆವೆಂದು ಗ್ರಂಥಾಲಯದವರು ಉತ್ತರ ಬರೆದರು.

ಮಗು ಇಳಿಯತೊಡಗಿತು. ಎರಡಕ್ಕೆ, ಆಮೇಲೆ ಐದಕ್ಕೆ, ಆಮೇಲೆ ಮೊದಲ ಪುಟದ ಬುಡಕ್ಕೆ. ಖುಷಿಪಡಬೇಕಾದವನಿಗೆ ಊಟ ಸೇರಲಿಲ್ಲ. ಬಸ್ಸಿನ ಕಿಟಕಿಯಲ್ಲಿ, ಅಂಗಡಿಯ ಗಾಜಿನಲ್ಲಿ, ರಸ್ತೆ ದಾಟುವ ಮಕ್ಕಳಲ್ಲಿ ಆ ಕಿರಿದಾದ ಕಣ್ಣೇ ಕಾಣುತ್ತಿತ್ತು. ಕುರ್ಚಿಯ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡುತ್ತಿದ್ದ, ಯಾರೂ ಇರುತ್ತಿರಲಿಲ್ಲ. ಮುಖ ಯಾಕೆ ಹೀಗೆ ಇಳಿದಿದೆ ಎಂದು ಹೆಂಡತಿ ಕೇಳಿದಳು.

"ಬಾವಿ ಅಂಚು ಹಿಡ್ಕೊಂಡಿರೋ ಮಗೂದು ಒಂದೊಂದೇ ಬೆರಳು ಬಿಡಿಸ್ತಾ ಇದೀನಿ ಅನ್ಸುತ್ತೆ ಕಣೇ," ಎಂದ.

ಹೆತ್ತವಳೇ ಬೇಡ ಎಂದ ಮೇಲೆ ನಿನ್ನದೇನು ಎಂದು ಅವಳು ಗದರಿದಳು. ಅದೂ ನಿಜವೇ. ಮಗು ಎರಡನೆಯ ಪುಟಕ್ಕೆ ಜಾರಿದ ದಿನ ಅಂಗಡಿಯಾಕೆ ಅವನ ಎರಡೂ ಕೈ ಹಿಡಿದು ಅತ್ತುಬಿಟ್ಟಳು. ಇನ್ನು ಮುಂದೆ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ ಎಂದಳು. ಒಬ್ಬ ತಾಯಿಗೆ ಬಿಡುಗಡೆ ಸಿಕ್ಕಿತಲ್ಲ ಎಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡ.

ಮಾರನೆಯ ವಾರ, ಮಧ್ಯಾಹ್ನದ ಹೊತ್ತು, ಅವನ ಕಚೇರಿಯ ಬಾಗಿಲಲ್ಲಿ ಒಬ್ಬ ಅಪರಿಚಿತ ಹೆಂಗಸು ನಿಂತಿದ್ದಳು. ದೂರದ ಪ್ರಯಾಣದಿಂದ ಬಟ್ಟೆ ಮುದುಡಿತ್ತು. ಕೂರಿ ಎಂದರೂ ಕೂರಲಿಲ್ಲ. ಗ್ರಂಥಾಲಯದವರಿಂದ ವಿಳಾಸ ಸಿಕ್ಕಿತೆಂದಳು.

"ನನ್ನ ಮಗಳ ಪುಟ ಬೇಡ ಅಂತ ತಾಯೀನೇ ಕೇಳ್ಕೊಂಡ್ಳು ಅಂತ ಬರೆದಿದೀರಂತೆ. ನಾನು ನಿಮ್ಮನ್ನ ಯಾವತ್ತು ಕೇಳಿದೆ?"

ಕೊಂಡಿಯಣ್ಣ ಕುರ್ಚಿಯಿಂದ ಎದ್ದು ನಿಂತ. ಎಲ್ಲೋ ಹೆಸರು ಅದಲುಬದಲಾಗಿರಬೇಕು, ಮನೆಯವರ ಜಗಳವಿರಬೇಕು ಎಂದು ಹುಲ್ಲುಕಡ್ಡಿ ಹುಡುಕಿದ.

"ಹಾಗಾದ್ರೆ ಅವಳ ಅಕ್ಕ?" ಎಂದ. "ಬಟ್ಟೆಯಂಗಡೀಲಿ ಇದಾಳಲ್ಲ, ಥೇಟ್ ಅವಳ ಹಾಗೇ..."

"ಅಕ್ಕ ಎಲ್ಲಿಂದ ಬರ್ತಾಳೆ?" ಎಂದಳು ಆ ಹೆಂಗಸು. "ನನಗೆ ಹುಟ್ಟಿದ್ದೇ ಒಬ್ಬಳು. ಈಗ ಅವಳಿಗೆ ಎಂಟು ತುಂಬಿದೆ."