ಲೆಕ್ಕದ ಮೇಷ್ಟ್ರ ಮಗಳು

ಅಕ್ಕ ತಮ್ಮನ ಬಾಯಿಂದ ಎಣಿಕೆಯ ಮಣಿಚೌಕಟ್ಟನ್ನು ಕಿತ್ತುಕೊಂಡಳು. ತಮ್ಮ ಸೂರು ಹಾರಿಹೋಗುವಂತೆ ಕಿರುಚಿದ. ಲೆಕ್ಕದ ಮೇಷ್ಟ್ರು ಹಿಂದುಮುಂದು ನೋಡದೆ ಮಗಳ ಬೆನ್ನಿಗೆ ಒಂದು ಬಿಟ್ಟರು.

"ಎಂಟು ವರ್ಷ ತುಂಬಿತು, ಎಂಟು ತಿಂಗಳ ಕೂಸಿನ ಮೇಲೆ ಹೊಟ್ಟೆಕಿಚ್ಚಾ ನಿಂಗೆ?"

"ಅದು ನಂದು," ಎಂದಳು ಮಗಳು. ಅಳಲಿಲ್ಲ. ಏಟು ತಿಂದೂ ತಿಂದೂ ಅಭ್ಯಾಸವಾಗಿಬಿಟ್ಟಿತ್ತು.

ಅವಳದ್ದೇ, ನಿಜ. ಮೊದಲ ಹುಟ್ಟುಹಬ್ಬಕ್ಕೆ ಮೇಷ್ಟ್ರೇ ಅಂಗಡಿ ಅಂಗಡಿ ಸುತ್ತಿ ತಂದದ್ದು. ಮರದ ಚೌಕಟ್ಟು, ಐದು ತಂತಿ, ತಂತಿಗೆ ಹತ್ತರಂತೆ ಮಣಿ. ಕೆಂಪು, ಹಳದಿ, ಮಿರಿಮಿರಿ ಬಣ್ಣ. ಲೆಕ್ಕದ ಮೇಷ್ಟ್ರ ಮಗಳಿಗೆ ಮಾತು ಬರುವ ಮೊದಲೇ ಎಣಿಕೆ ಬರಲಿ ಎಂಬ ಆಸೆ.

ಆಸೆ ಮಣ್ಣುಪಾಲಾಯಿತು. ಊರ ಮಕ್ಕಳ ತಲೆಗೆಲ್ಲ ಲೆಕ್ಕ ಹತ್ತಿಸಿದ ಪುಣ್ಯಾತ್ಮ ಅವರು. "ಮೇಷ್ಟ್ರು ಕಲ್ಲಿಗೂ ಮಗ್ಗಿ ಬಾಯಿಪಾಠ ಮಾಡಿಸ್ತಾರೆ" ಎಂದು ಹೆತ್ತವರು ಮನೆಪಾಠಕ್ಕೆ ಸಾಲುಗಟ್ಟುತ್ತಿದ್ದರು. ಸ್ವಂತ ಮಗಳಿಗೆ ಮಾತ್ರ ಏಳಕ್ಕೆ ಆರು ಕೂಡಿಸಿದರೆ ಎಷ್ಟು ಎಂದು ಬೆಳಗ್ಗೆ ಹೇಳಿಕೊಟ್ಟದ್ದು ಸಂಜೆಗೆ ಮಾಯ. ಪರೀಕ್ಷೆ ಎಂದರೆ ಹೊಟ್ಟೆನೋವು. ಪುಸ್ತಕ ತೆಗೆ ಎಂದರೆ ತಲೆನೋವು. ಜೋರು ಮಾಡಿದರೆ ಪುಸ್ತಕವನ್ನೇ ಎಸೆಯುವ ಸಿಟ್ಟು. ಅವಳ ಟೀಚರು ಉತ್ತರಪತ್ರಿಕೆ ಕೈಗಿಟ್ಟು, "ಮನೇಲಿ ಸ್ವಲ್ಪ ಗಮನ ಕೊಡಿ ಸಾರ್" ಎಂದ ದಿನ ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

"ನೋವು ನಿಜ ಇರಬಹುದು ಕಣ್ರೀ," ಎಂದು ಹೆಂಡತಿ ಒಮ್ಮೊಮ್ಮೆ ಅಳುಕುತ್ತಲೇ ಹೇಳುತ್ತಿದ್ದಳು.

"ಎಲ್ಲಾ ಕಳ್ಳಾಟ!"

ಕಳ್ಳಾಟಕ್ಕೆ ಮೇಷ್ಟ್ರ ಹತ್ತಿರ ಇದ್ದ ಮದ್ದು ಒಂದೇ: ದಿನಾ ಸಂಜೆ ಎರಡು ಗಂಟೆ ಆ ಚೌಕಟ್ಟಿನ ಮುಂದೆ ಕೂರಿಸುವುದು. ಅವಳು ಎಣಿಸುವಳು, ತಪ್ಪುವಳು, ಹೆದರಿ ಬೆರಳು ಕಚ್ಚುವಳು, ಮತ್ತೆ ಮೊದಲಿಂದ ಎಣಿಸುವಳು. ಕಳೆದ ವಾರ ಮೇಷ್ಟ್ರಿಗೂ ಸಾಕಾಗಿಹೋಯಿತು. "ಇವಳಿಂದ ಆಗಲ್ಲ. ಇವನಾದ್ರೂ ನನ್ನ ಮರ್ಯಾದೆ ಉಳಿಸಲಿ" ಎಂದು ಅದನ್ನು ಮಗನ ಮಡಿಲಿಗಿಟ್ಟರು.

ಏಟು ಬಿದ್ದ ಮರುದಿನ ಮಗನಿಗೆ ಚುಚ್ಚುಮದ್ದು. ಮನೆಯವರೆಲ್ಲ ಆಸ್ಪತ್ರೆಗೆ ಹೋದರು. ಮಗ ಚೌಕಟ್ಟನ್ನು ಚೀಪುತ್ತಲೇ ಬಂದ. ನರ್ಸಮ್ಮ ಅದನ್ನು ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇಂಥ ಬಣ್ಣದಲ್ಲಿ ಸೀಸ ಇರಬಹುದು. ಮಗು ಬಾಯಿಗೆ ಹೋದ್ರೆ ರಕ್ತಕ್ಕೆ ಸೇರುತ್ತೆ, ಮಿದುಳಿಗೂ ಏಟು. ಇಬ್ಬರು ಮಕ್ಕಳದ್ದೂ ರಕ್ತ ಕೊಟ್ಟು ಹೋಗಿ."

ಮೇಷ್ಟ್ರು ಮೊದಲು ಮಗನ ತೋಳು ಮುಂದೆ ಚಾಚಿಸಿದರು, ಆಮೇಲೆ ಮಗಳದ್ದು.

ವರದಿ ಬರಲು ನಾಲ್ಕು ದಿನ. ಆ ನಾಲ್ಕು ದಿನ ಮೇಷ್ಟ್ರಿಗೆ ಮಗ ಅತ್ತರೂ ಭಯ, ಸುಮ್ಮನಿದ್ದರೂ ಭಯ. ನನ್ನ ಕೈಯಾರೆ ಕೊಟ್ಟೆನಲ್ಲ ಎಂದು ಒಳಗೊಳಗೇ ಬೆಂದುಹೋದರು. ಅದರ ಮಧ್ಯೆ ಮಗಳು, "ಹೊಟ್ಟೆ ನೋಯ್ತಿದೆ ಅಪ್ಪಾ" ಎಂದಳು.

"ತಮ್ಮನ ಜೀವಕ್ಕೆ ಕುತ್ತು ಬಂದಿದೆ, ಈಗಲೂ ಶುರು ಮಾಡಿದ್ಯಾ ನಿನ್ನ ರಾಗ?" ಎಂದು ಹರಿಹಾಯ್ದರು. ಅವಳು ಮೂಲೆಗೆ ಹೋಗಿ ಮುದುಡಿ ಮಲಗಿದಳು.

ಐದನೆಯ ದಿನ ಡಾಕ್ಟರಮ್ಮ ಮೊದಲ ಕಾಗದ ಬಿಡಿಸಿದರು. "ಮಗನ ರಕ್ತದಲ್ಲಿ ಸೀಸ ಬರೀ ಎರಡು, ಐದು ದಾಟಿದ್ರೆ ಕಷ್ಟ. ಹೆದರಬೇಡಿ. ಅವನ ಕೈಗೆ ಸಿಕ್ಕಿ ಒಂದು ವಾರ ತಾನೆ? ಸದ್ಯ, ಬಚಾವಾದ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು, ಕೈಮುಗಿದು ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ." ಡಾಕ್ಟರಮ್ಮ ಎರಡನೆಯ ಕಾಗದ ಬಿಡಿಸಿದರು. "ಮಗಳದ್ದು ಮೂವತ್ತೆಂಟು. ಇದು ಒಂದು ವಾರದ್ದಲ್ಲ, ವರ್ಷಗಳದ್ದು. ಇವಳಿಗೆ ಹೊಟ್ಟೆನೋವು ಬರುತ್ತಾ? ಹೇಳಿಕೊಟ್ಟದ್ದು ಮರೆತುಹೋಗುತ್ತಾ?"

ಹೆಂಡತಿ ಬಾಯಿಗೆ ಕೈ ಒತ್ತಿಕೊಂಡಳು. ಏಳು ವರ್ಷ. ದಿನಾ ಸಂಜೆ ಎರಡು ಗಂಟೆ. ಜೀವಮಾನದಲ್ಲಿ ಮೊದಲ ಸಲ ಮೇಷ್ಟ್ರಿಗೆ ಲೆಕ್ಕ ಹಾಕುವ ಧೈರ್ಯ ಬರಲಿಲ್ಲ.

"ಔಷಧ ಶುರು ಮಾಡೋಣ. ಆದ್ರೆ ಆಗಿಹೋದದ್ದೆಲ್ಲ ಸರಿಹೋಗುತ್ತೆ ಅಂತ ನಾನು ಹೇಳಲಾರೆ."

ಮಗಳು ಅಪ್ಪನ ಅಂಗಿ ಜಗ್ಗಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಅಪ್ಪಾ, ಈ ಸಲ ನಂಗೇ ಜಾಸ್ತಿ ಬಂತು, ಅಲ್ವಾ?"