ಒದ್ದೆ ಹುಳು

ನೂರಾರು ವರ್ಷ ನೀರು ಹರಿದಿದ್ದ ಬೆಟ್ಟದ ಹೊಳೆಯಲ್ಲಿ ಈಗ ಮಂಜು ಹರಿಯುತ್ತಿತ್ತು. ಟ್ರೌಟ್ ಮೀನುಗಳು ಅದರಲ್ಲೇ ಈಜುತ್ತಿದ್ದವು, ಬಿಸಿಲೇರಿದರೆ ಕಾಣೆಯಾಗುತ್ತಿದ್ದವು. ಹಂಗಾಮಿನ ಕೊನೆಯ ಬೆಳಗು. ಹಂಗಾಮಿನಲ್ಲಿ ಒಂದು ಮೀನನ್ನೂ ಹಿಡಿದು ತೋರಿಸದವರು ತಮ್ಮ ಜಾಗ ಬಿಟ್ಟುಕೊಡಬೇಕಿತ್ತು; ಇವತ್ತೂ ಬರಿಗೈಯಾದರೆ ಚೋಂದಮ್ಮ ನಿಲ್ಲುವ ಅಪ್ಪನ ಬಂಡೆ ಬೇರೆಯವರ ಪಾಲಾಗುತ್ತಿತ್ತು. ಮೀನನ್ನು ಮರುಳು ಮಾಡಲು ಗಾಳಕ್ಕೆ ಕಟ್ಟಿದ್ದ ಕಾಡುಕೋಳಿ ಗರಿಯ ಹುಸಿ ಹುಳುವನ್ನು ಅವಳು ಎಂದಿನಂತೆ ಬಾಟಲಿಯ ನೀರಿನಲ್ಲಿ ಅದ್ದಿದಳು.

"ಅದು ನೀರಿದ್ದ ಕಾಲದ ಶಾಸ್ತ್ರ, ಅತ್ತಿಗೆ," ಎಂದ ಮೈದುನ ಮಂದಣ್ಣ. "ಒದ್ದೆ ಗರಿ ಮಂಜಲ್ಲಿ ತೇಲುತ್ತಾ?"

"ನಮ್ಮಪ್ಪ ಅದ್ದದೆ ಒಂದಿನಾನೂ ಗಾಳ ಬೀಸಿದವರಲ್ಲ."

ಅವನ ಒಣ ಹುಳು ಮಂಜಿನ ಮೇಲೆ ಹಗುರಾಗಿ ತೇಲಿತು. ಅವಳದು ಸೀದಾ ತಳಕ್ಕಿಳಿಯಿತು. ಬಿಸಿಲು ಬಂತು. ದಡದುದ್ದಕ್ಕೂ ಗಾಳ ಹಾಕಿದ್ದವರೆಲ್ಲರೂ ದಾರ ಸುತ್ತಿಕೊಂಡರು. ಚೋಂದಮ್ಮ ಮಾತ್ರ ಹಟ ಹಿಡಿದು ನಿಂತಳು. ಮೇಲಿನ ಮಂಜು ಕರಗಿದಂತೆ ಮೀನುಗಳು ತಂಪು ಹುಡುಕಿ ಕಲ್ಲಿನ ಸಂದಿಗಿಳಿಯುತ್ತಿದ್ದುದನ್ನು ಅಷ್ಟು ಹೊತ್ತು ನಿಂತು ನೋಡಿದವರೇ ಇರಲಿಲ್ಲ.

ಅವಳ ಗಾಳದ ಕೋಲು ಬಿಲ್ಲಿನಂತೆ ಬಾಗಿತು.

ಮೊಳದುದ್ದದ ಟ್ರೌಟ್. ಕೈ ಒದ್ದೆ ಮಾಡಿಕೊಂಡು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಆಮೇಲೆ ಮೆಲ್ಲನೆ ಮಂಜಿಗೆ ಬಿಟ್ಟಳು.

ಕಲ್ಲುಗಳ ನಡುವೆ ಇನ್ನೂ ಒಂದಿಷ್ಟು ಮಂಜು ಉಳಿದಿತ್ತು. ಮಂದಣ್ಣ ಸುತ್ತಿದ್ದ ದಾರವನ್ನು ಬಿಚ್ಚಿ, ತನ್ನ ಹುಳುವನ್ನು ಅವಳ ಬಾಟಲಿಯ ಬಾಯಿಗೆ ಹಿಡಿದ.

"ಸ್ವಲ್ಪ ಹಾಕಿ, ಅತ್ತಿಗೆ."