ತಾರಸಿಯ ಸಾಂಬ್ರಾಣಿ

ಗಾಳಿಯ ವಾಸನೆ ಅಳೆಯುವ ಮೀಟರಿನಲ್ಲಿ ಅಂಕಿ ಏರುತ್ತಿರುವುದನ್ನು ಜಾಕಿಯಾ ಮೊದಲು ನಂಬಲಿಲ್ಲ. ಆಮೇಲೆ ಮೂಗಿಗೇ ಬಡಿಯಿತು. ಸಾಂಬ್ರಾಣಿ!

ಮಂಡ್ಯದ ಆ ಹೊಸ ಆಸ್ಪತ್ರೆಯಲ್ಲಿ ಭ್ರೂಣ ಬೆಳೆಸುವ ಲ್ಯಾಬನ್ನು ಕಟ್ಟಿ ನಿಲ್ಲಿಸಿದವಳು ಮಳವಳ್ಳಿಯ ಈ ಹುಡುಗಿಯೇ. ಗೋಡೆಯ ಪೇಂಟಿನ ವಾಸನೆ ಸಾಯುವ ತನಕ ಬೀಗ ಹಾಕಿ ಕಾದಿದ್ದಳು. ಫಿನಾಯಿಲ್, ಸೆಂಟು, ಕಡೆಗೆ ಮುಡಿದ ಮಲ್ಲಿಗೆಗೂ ಬಾಗಿಲಲ್ಲೇ ತಡೆ. ಗಾಳಿಯಲ್ಲಿ ಬೆರೆತ ಇಂಥ ಕಾಣದ ವಿಷ ಒಂದಿಷ್ಟು ತಾಗಿದರೂ ತಟ್ಟೆಯಲ್ಲಿಟ್ಟ ಜೀವ ಚಿಗುರುವ ಮೊದಲೇ ಮುದುಡುತ್ತದೆ. ಇವತ್ತು ಮೊದಲನೇ ಕೇಸು. ಹಲಗೂರಿನ ಗಗನ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಅಂಡಾಣು ಬಲಿಯುವ ಇಂಜೆಕ್ಷನ್ ಕೊಟ್ಟಾಗಿದೆ, ಮಧ್ಯಾಹ್ನದೊಳಗೆ ಅವನ್ನು ತೆಗೆಯದಿದ್ದರೆ ಅವಳು ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗಾಳಿ ಎಳೆಯುವ ಯಂತ್ರ ಆರಿಸಿ ಜಾಕಿಯಾ ತಾರಸಿಗೆ ಓಡಿದಳು. ಯಂತ್ರದ ಕಿಂಡಿಯ ಕೆಳಗೇ, ನೆರಳು ನೋಡಿಕೊಂಡು, ಗಗನಳ ಅತ್ತೆ ಚಿಕ್ಕಬೋರಮ್ಮ ಕೂತಿದ್ದಾಳೆ. ಮುಂದೆ ಧೂಪದ ಚಟ್ಟಿ, ಅದರ ತುಂಬ ತೆಂಗಿನ ಚಿಪ್ಪಿನ ಕೆಂಡ.

"ಅಜ್ಜಿ, ಮೊದ್ಲು ಅದನ್ನ ಆರ್ಸಿ!"

"ಯಾಕವ್ವಾ? ಒಳಗೆ ಅಚ್ಬ್ಯಾಡಿ ಅಂತ ನೀನೇ ಯೋಳ್ದೆ. ಅದ್ಕೇ ಮ್ಯಾಕೆ ಬಂದೆ. ವಸ ಕಟ್ಟಡ, ದೂಪ ಕಾಣ್ದೆ ಒಳ್ಳೇದಾದದಾ?" ಮುದುಕಿ ಕಣ್ಣು ಕಿರಿದು ಮಾಡಿದಳು. "ನಿಮ್ಮೋರೂ ಲೋಬಾನ ಆಕ್ತೀರಲ್ಲ?"

ಆ ಮಾತು ಎತ್ತ ಹೊರಟಿದೆಯೆಂದು ಜಾಕಿಯಾಗೆ ಹೊಳೆಯಿತು. ದೇವರ ಧೂಪ ಆರಿಸೆಂದಳಂತೆ ಎಂಬ ಸುದ್ದಿಗೆ ಕಾಲು ಬರಲು ಎಷ್ಟು ಹೊತ್ತು?

"ಹಾಕ್ತೀವಿ ಅಜ್ಜಿ. ಆದ್ರೆ ಈ ಕಿಂಡಿಯಿಂದ್ಲೇ ಕೆಳಗಿನ ಲ್ಯಾಬು ಉಸಿರಾಡೋದು. ನಿಮ್ಮ ಮೊಮ್ಮಗು ಬೆಳೀಬೇಕಾದ ಗಾಳಿ ಇದು."

ಚಿಕ್ಕಬೋರಮ್ಮ ನೀರು ಹುಡುಕುತ್ತಾ ನಿಲ್ಲಲಿಲ್ಲ. ಸೆರಗನ್ನೇ ಕೈಗೆ ಸುತ್ತಿ ಚಟ್ಟಿ ಎತ್ತಿಕೊಂಡು ತಾರಸಿಯ ಆ ತುದಿಗೆ ಓಡಿದಳು. "ಇದ ಅವತ್ತೇ ಯೋಳ್ಬಾರ್ದಿತ್ತಾ? ಬ್ಯಾಡ ಅಂದೋಳು ಯಾಕ್ ಬ್ಯಾಡ ಅಂತ ಯೋಳ್ಲಿಲ್ವಲ್ಲವ್ವಾ!"

ಆ ಮಾತಿಗೆ ಜಾಕಿಯಾಗೆ ನಾಚಿಕೆಯಾಯಿತು.

ಕೆಳಗೆ ಆಸ್ಪತ್ರೆಯ ಒಡೆಯರಾದ ಡಾಕ್ಟರ್ ಕೆಂಪರಾಜು ಕೈಗವಸು ಹಾಕಿಕೊಂಡು ಕಾದಿದ್ದರು. ಮೀಟರಿನ ಅಂಕಿ ಇಳಿಯಲೊಲ್ಲದು.

"ಇಲ್ಲಿ ಬೇಡ ಸರ್, ಮೈಸೂರಿನ ಲ್ಯಾಬಿಗೆ ಕಳಿಸೋಣ. ಈಗಲೇ ಹೊರಟರೆ ಹೊತ್ತಿದೆ."

"ಮೊದಲನೇ ಕೇಸೇ ಬೇರೆಯವರಿಗಾ? ಊರು ನಗುತ್ತೆ ಜಾಕಿಯಾ! ಒಂಚೂರು ಹೊಗೆ ತಾನೆ?"

"ಈ ಗಾಳೀಲಿ ನಾನು ತಟ್ಟೆ ತೆರೆಯಲ್ಲ ಸರ್."

ಕೆಲಸ ಹೋದರೆ ಹೋಗಲಿ ಎಂದೇ ಅಂದಿದ್ದಳು. ಕೆಂಪರಾಜು ಅವಳ ಮುಖವನ್ನೊಮ್ಮೆ, ಮೀಟರನ್ನೊಮ್ಮೆ ನೋಡಿದರು. ಗವಸು ಕಿತ್ತೆಸೆದು ಆಂಬುಲೆನ್ಸಿಗೆ ಹೇಳಿದರು.

ಗಗನಳನ್ನು ಆಂಬುಲೆನ್ಸಿನೊಳಗೆ ಮಲಗಿಸಿದ ಮೇಲೆ ಚಿಕ್ಕಬೋರಮ್ಮ ಹತ್ತಲು ಹೋದವಳು ಹಿಂದಿರುಗಿ, ಜಾಕಿಯಾಳ ಕೈ ಗಟ್ಟಿಯಾಗಿ ಹಿಡಿದು, ಸೊಸೆಗೆ ಕೇಳಿಸದಂತೆ ಕೇಳಿದಳು:

"ಅಲ್ಲೂ ನನ್ನಂತೋಳು ಯಾವಳಾರಾ ಮ್ಯಾಕತ್ತಿ ಕುಂತಿದ್ರೆ?"

ಜಾಕಿಯಾಗೆ ನಗು ಬರಲಿಲ್ಲ. ಮೈಸೂರಿಗೆ ಫೋನ್ ಮಾಡಿ, "ಸರ್, ಮೊದಲು ಯಾರನ್ನಾದರೂ ತಾರಸಿಗೆ ಕಳಿಸಿ" ಎಂದಳು.